ಕಿವು ಸರೋವರದ ದಂಡೆಯಲ್ಲಿ ಕಾಫಿ ತೂಗಿದ್ದು

ಕಾಂಗೋದಲ್ಲಿ ಕಾಫಿ ಕೆಲಸಕ್ಕೆ ಹೋಗಿದ್ದೆ ಅಂದರೆ ನಮ್ಮ ಬಾಳೆಹೊನ್ನೂರು ಕಡೆಯವರು ಮೊದಲು ಕೇಳುವುದು ಒಂದೇ ಮಾತು: "ಅಲ್ಲೂ ಕಾಫಿ ಬೆಳೀತಾರೇನೋ?" ಬೆಳೀತಾರೆ. ಅಷ್ಟೇ ಅಲ್ಲ, ಮಲೆನಾಡಿನಲ್ಲಿ ಊರೂರಲ್ಲಿ ಹಾಕಿರುವ ಸಿ ಇಂಟು ಆರ್ ಅನ್ನುವ ಮಿಶ್ರತಳಿ ಕಾಫಿ ಗಿಡ ಇದೆಯಲ್ಲ, ಅದರ 'ಸಿ' ಅಂದರೆ ಕಾಂಜೆನ್ಸಿಸ್. ಕಾಂಗೋ ನದಿಯ ದಂಡೆಯಲ್ಲಿ ತಾನೇ ತಾನಾಗಿ ಬೆಳೆಯುವ ಕಾಫಿ ಜಾತಿ ಅದು. ಇದನ್ನು ಹೇಳಿದರೆ ನಮ್ಮೂರಿನವರು ನಂಬುವುದಿಲ್ಲ. ನಮ್ಮಜ್ಜನೇ ತಂದು ನೆಟ್ಟದ್ದು ಅಂತ ಜಗಳಕ್ಕೆ ನಿಲ್ಲುತ್ತಾರೆ.

ನಾನು ಹೋಗಿದ್ದು ಮಾತ್ರ ಅರೇಬಿಕಾ ಬೆಳೆಯುವ ಜಾಗಕ್ಕೆ. ದೇಶದ ಪೂರ್ವದ ಅಂಚು, ಕಿವು ಸರೋವರ. ಈ ದಂಡೆ ಕಾಂಗೋ, ಎದುರಿನ ದಂಡೆ ರುವಾಂಡಾ. ಸರೋವರದ ನೀರೇ ಸಮುದ್ರಮಟ್ಟದಿಂದ ಸುಮಾರು 1,460 ಮೀಟರ್ ಎತ್ತರದಲ್ಲಿದೆ. ಬಾಬಾಬುಡನ್‌ಗಿರಿಯಲ್ಲಿ ತೋಟ ಮುಗಿಯುವ ಎತ್ತರದಲ್ಲಿ ಅಲ್ಲಿ ತೋಟ ಶುರುವಾಗುತ್ತದೆ. ಮಣ್ಣು ಕಪ್ಪು, ಸಡಿಲ. ವರ್ಷಕ್ಕೆ ಎರಡು ಮಳೆಗಾಲ. ಕಾಫಿಗೆ ಇದಕ್ಕಿಂತ ಒಳ್ಳೆ ಜಾಗ ಹುಡುಕುವುದು ಕಷ್ಟ. ಆದರೂ ಅಲ್ಲಿ ಕಾಫಿ ಸತ್ತು ಹೋಗಿತ್ತು.

ನನ್ನನ್ನು ಕರೆಸಿಕೊಂಡವರು ಒಂದು ನೆರವು ಸಂಸ್ಥೆಯವರು. 2014ರ ಸುಮಾರು. ಕಲೆಹೆ ಭಾಗದ ಒಂದು ಸಹಕಾರ ಸಂಘದ ರೈತರಿಗೆ ಗಿಡ ಕಸಿ, ಅಂದರೆ ಗಿಡ ಸವರುವ ಕೆಲಸ, ಆಮೇಲೆ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವುದು, ಒಣಗಿಸುವುದು ಇಷ್ಟನ್ನು ಹೇಳಿಕೊಡಬೇಕಿತ್ತು. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಬೆಳೆದವನಿಗೆ ಇದೇನು ದೊಡ್ಡದು ಅಂದುಕೊಂಡೇ ಹೊರಟೆ. ಗಿಡದ ಕೆಲಸ ನಿಜಕ್ಕೂ ದೊಡ್ಡದಾಗಿರಲಿಲ್ಲ. ದೊಡ್ಡದಿದ್ದದ್ದು ಬೇರೆ.

ಗೋಮಾ ಊರಿಗೆ ಬಂದಿಳಿದಾಗ ಕಣ್ಣಿಗೆ ಬೀಳುವುದು ಕಪ್ಪು ಕಲ್ಲು. ಮನೆ ಪಾಗಾರ, ರಸ್ತೆ, ಚರಂಡಿ ಎಲ್ಲವೂ ನ್ಯಿರಗೊಂಗೊ ಜ್ವಾಲಾಮುಖಿಯ ಲಾವಾ ಕಲ್ಲಿನದು. 2002ರಲ್ಲಿ ಆ ಲಾವಾ ಊರಿನ ನಡುವೆಯೇ ಹರಿದಿತ್ತು. ಜನ ಅದರ ಮೇಲೇ ಮತ್ತೆ ಮನೆ ಕಟ್ಟಿಕೊಂಡಿದ್ದಾರೆ. ರಸ್ತೆ ತುಂಬ ಚುಕುಡು ಅನ್ನುವ ಮರದ ಗಾಡಿಗಳು. ಎರಡು ಮರದ ಚಕ್ರ, ಒಂದು ಹಲಗೆ, ಒಂದು ಹಿಡಿ. ಅದರ ಮೇಲೆ ಆಲೂಗಡ್ಡೆ, ಇದ್ದಿಲು, ಸಿಮೆಂಟು, ಕೆಲವೊಮ್ಮೆ ಹಾಸಿಗೆ ಸಮೇತ ಒಂದು ಇಡೀ ಸಂಸಾರ. ಭಾರತದ ಸೈನಿಕರೂ ಕಾಣುತ್ತಿದ್ದರು, ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು. ಹಾಗಾಗಿ ನನ್ನ ಮುಖ ನೋಡಿದ ಮಕ್ಕಳು ದೂರದಿಂದಲೇ "ಮುಹಿಂದಿ, ಮುಹಿಂದಿ", ಅಂದರೆ ಭಾರತದವನು, ಅಂತ ಕೂಗುತ್ತಿದ್ದವು. ಅಲ್ಲಿಂದ ಸಾಕೆ, ಮಿನೋವಾ ದಾಟಿ ದಕ್ಷಿಣಕ್ಕೆ ಹೋದರೆ ಕಲೆಹೆ. ದೂರ ಜಾಸ್ತಿ ಇಲ್ಲ. ರಸ್ತೆ ಇಲ್ಲದಿರುವುದೇ ತಾಪತ್ರಯ. ಮಳೆ ಬಂದರೆ ದೋಣಿಯೇ ಗತಿ.

ಕಾಫಿ ಯಾಕೆ ಸತ್ತಿತು ಅಂತ ಕೇಳಿದರೆ ಅಲ್ಲಿ ಒಬ್ಬೊಬ್ಬರೂ ಒಂದೊಂದು ಇಸವಿ ಹೇಳುತ್ತಾರೆ. ಬೆಲ್ಜಿಯಂನವರ ಕಾಲದಲ್ಲಿ ದೊಡ್ಡ ತೋಟಗಳಿದ್ದವು. 1973ರಲ್ಲಿ ಅಧ್ಯಕ್ಷ ಮೊಬುಟು ವಿದೇಶಿಯರ ಆಸ್ತಿಯನ್ನೆಲ್ಲ ಕಿತ್ತು ತನ್ನ ಕಡೆಯವರಿಗೆ ಹಂಚಿದ. ಹಂಚಿಸಿಕೊಂಡವರಿಗೆ ತೋಟದ ಬಗ್ಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಆದರೂ 1980ರ ದಶಕದಲ್ಲಿ ಆ ದೇಶದಿಂದ ವರ್ಷಕ್ಕೆ ಲಕ್ಷ ಟನ್ನಿಗೂ ಜಾಸ್ತಿ ಕಾಫಿ ಹೊರಗೆ ಹೋಗುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮುರಿದು ಬಿದ್ದು ಬೆಲೆ ನೆಲ ಕಚ್ಚಿತು. ಆ ಏಟು ನಮ್ಮಲ್ಲೂ ಹಳಬರಿಗೆ ನೆನಪಿದೆ. ಆದರೆ ನಮಗೆ ಬೆಲೆ ಬಿದ್ದದ್ದಷ್ಟೇ ಪೆಟ್ಟು. ಅವರಿಗೆ ಅದರ ಬೆನ್ನಿಗೇ 1994 ಬಂತು. ರುವಾಂಡಾದ ನರಮೇಧ ಮುಗಿಯುವ ಹೊತ್ತಿಗೆ ಲಕ್ಷಾಂತರ ಜನ ಗಡಿ ದಾಟಿ ಗೋಮಾ, ಬುಕಾವು ಸುತ್ತ ಬಂದು ಬಿದ್ದರು. ಕೊಂದವರೂ ಅದರಲ್ಲೇ ಸೇರಿಕೊಂಡಿದ್ದರು. 1996ರಲ್ಲಿ ಒಂದು ಯುದ್ಧ, 1998ರಿಂದ 2003ರವರೆಗೆ ಇನ್ನೊಂದು. ಅದು ಮುಗಿದ ಮೇಲೂ ಬೆಟ್ಟದಲ್ಲಿ ಗುಂಪುಗಳು ಉಳಿದೇ ಉಳಿದವು. ದೇಶದ ಕಾಫಿ ರಫ್ತು ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಮೊದಲ ಸಲ ನೋಡಿದ ತೋಟ ಒಬ್ಬ ಮುದುಕನದು. ತೋಟ ಅಂದರೆ ಮನೆ ಹಿಂದಿನ ಇಳಿಜಾರು, ಇನ್ನೂರು ಗಿಡ ಇದ್ದಿರಬಹುದು. ಜೊತೆಗೆ ಬಾಳೆ, ಹುರುಳಿಕಾಯಿ, ಮರಗೆಣಸು. ಗಿಡಗಳು ಬೂರ್ಬನ್ ತಳಿಯವು, ಅವನ ಅಪ್ಪನ ಕಾಲದವು. ಎರಡಾಳು ಎತ್ತರ. ಕಾಂಡದ ತುಂಬ ಪಾಚಿ. ಬುಡದಿಂದ ಏಳೆಂಟು ಕಂಬ ಚಿಗುರು ಎದ್ದು, ಒಂದಕ್ಕೊಂದು ಹೆಣೆದುಕೊಂಡು, ತುದಿಯಲ್ಲಿ ಮಾತ್ರ ನಾಲ್ಕು ಹಣ್ಣು. ಹಣ್ಣು ಬೇಕಾದರೆ ಗಿಡ ಬಗ್ಗಿಸಬೇಕು. ಬಗ್ಗಿಸಿ ಬಗ್ಗಿಸಿ ಅರ್ಧ ರೆಕ್ಕೆ, ಅಂದರೆ ಕೊಂಬೆ, ಮುರಿದಿದ್ದವು. ಗೊಬ್ಬರ ಕಂಡು ಎಷ್ಟು ವರ್ಷವಾಗಿತ್ತೋ.

ಇಂಥ ಗಿಡಕ್ಕೆ ಮದ್ದು ಒಂದೇ. ನೆಲದಿಂದ ಒಂದಡಿ ಬಿಟ್ಟು ಓರೆಯಾಗಿ ಕೊಯ್ದು ಹಾಕುವುದು. ಬುಡ ಗಟ್ಟಿಯಿದ್ದರೆ ಎರಡು ತಿಂಗಳಲ್ಲಿ ಹೊಸ ಚಿಗುರು ಏಳುತ್ತದೆ. ಅದರಲ್ಲಿ ಒಳ್ಳೆಯವು ಎರಡೋ ಮೂರೋ ಉಳಿಸಿಕೊಂಡು ಮಿಕ್ಕದ್ದನ್ನು ಚಿವುಟಬೇಕು. ಎರಡು ವರ್ಷ ಕಾದರೆ ಹೊಸ ಗಿಡ ಹಾಕಿದ್ದಕ್ಕಿಂತ ಬೇಗ ಫಸಲು. ನಮ್ಮಲ್ಲೂ ಹಳೇ ತೋಟಕ್ಕೆ ಇದನ್ನೇ ಮಾಡುತ್ತಾರೆ. ನಾನು ಗರಗಸ ತೆಗೆದು ತೋರಿಸಿದೆ. ಮುದುಕ ಎಲ್ಲ ಕೇಳಿಸಿಕೊಂಡು, ಕಿಹಾವು ಭಾಷೆಯಲ್ಲಿ ಏನೋ ಹೇಳಿದ. ನನ್ನ ಜೊತೆಗಾರ, ಅಲ್ಲಿಯವನೇ ಆದ ಕೃಷಿ ಪದವೀಧರ, ನಗುತ್ತಾ ಹೇಳಿದ: "ಎರಡು ವರ್ಷ ಆದ ಮೇಲೆ ಈ ಗಿಡದ ಹಣ್ಣು ಯಾರು ಕೊಯ್ಯುತ್ತಾರೆ ಅಂತ ಕೇಳ್ತಿದಾನೆ."

ಅವನು ಹಂಗಿಸಿದ್ದಲ್ಲ. ಅವನು ಊರು ಬಿಟ್ಟು ಓಡಿದ್ದು ಒಂದು ಸಲವಲ್ಲ. ಪ್ರತಿ ಸಲ ವಾಪಸು ಬಂದಾಗ ಮೇಕೆ ಇರಲಿಲ್ಲ, ಕೋಳಿ ಇರಲಿಲ್ಲ, ಬಾಗಿಲೂ ಇರಲಿಲ್ಲ. ಕಾಫಿ ಗಿಡ ಮಾತ್ರ ಇತ್ತು. ಹೊತ್ತುಕೊಂಡು ಹೋಗಲಾಗದ ಆಸ್ತಿ ಅದೊಂದೇ. ಅದನ್ನು ಕೊಯ್ದು ಹಾಕಿ ಅಂತ ಎಲ್ಲಿಂದಲೋ ಬಂದ ಮುಹಿಂದಿ ಹೇಳಿದರೆ ಯಾರು ಕೇಳುತ್ತಾರೆ?

ಕೊನೆಗೆ ಒಪ್ಪಂದ ಆದದ್ದು ಹೀಗೆ. ನಾಲ್ಕು ಸಾಲಿದ್ದರೆ ಈ ವರ್ಷ ಒಂದು ಸಾಲು ಮಾತ್ರ. ಕೊಯ್ದ ಸಾಲಿನಲ್ಲಿ ಬಿಸಿಲು ಬೀಳುತ್ತದಲ್ಲ, ಅಲ್ಲಿ ಹುರುಳಿಕಾಯಿ ಬಿತ್ತಿಕೊಳ್ಳಬಹುದು. ಕೊಯ್ದ ಕಾಂಡ ಒಲೆಗೆ ಸೌದೆ. ಆ ಕಡೆ ಸೌದೆಗೆ ಬಹಳ ಬರ. ಹೆಂಗಸರು ಅದಕ್ಕಾಗಿಯೇ ಮೇಲಿನ ಕಾಡಿಗೆ ಹೋಗಿ ಬಂದೂಕಿನವರ ಕೈಗೆ ಸಿಗುತ್ತಿದ್ದರು. ನಿಜ ಹೇಳಬೇಕೆಂದರೆ, ನನ್ನ ಪಾಠಕ್ಕಿಂತ ಆ ಸೌದೆಯೇ ಜಾಸ್ತಿ ಗಿಡ ಕೊಯ್ಸಿತು. ಮುದುಕ ಒಪ್ಪಲಿಲ್ಲ, ಅವನ ಸೊಸೆ ಒಪ್ಪಿದಳು. ಗರಗಸವನ್ನು ನನ್ನ ಕೈಯಿಂದ ಇಸಿದುಕೊಂಡು ಮೊದಲ ಗಿಡ ಅವಳೇ ಕೊಯ್ದಳು. ಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆದರೆ ಗಿಡ ಚಿಗುರಿಸಿ ಏನು ಮಾಡಬೇಕು? ಹಣ್ಣು ಕೊಳ್ಳುವವರು ಬೇಕಲ್ಲ. ಅಲ್ಲಿ ಹೋದ ಮೇಲೇ ನನಗೆ ಇಡೀ ಕಥೆ ತಿಳಿದದ್ದು.

ಸುಮಾರು ಎರಡು ದಶಕ ಆ ದಂಡೆಯವರು ಕಾಫಿ ಮಾರುತ್ತಿದ್ದದ್ದು ನೀರಿನ ಆಚೆ. ಮನೆಯಲ್ಲೇ ಹಣ್ಣನ್ನು ಕಲ್ಲಿನಲ್ಲಿ ಜಜ್ಜಿ, ಸಿಕ್ಕ ನೀರಿನಲ್ಲಿ ತೊಳೆದು, ನೆಲದ ಮೇಲೆ ಅರೆಬರೆ ಒಣಗಿಸಿ, ರಾತ್ರಿ ಹೊತ್ತು ಸಣ್ಣ ದೋಣಿಯಲ್ಲಿ ರುವಾಂಡಾಕ್ಕೆ. ಹಗಲು ಹೋದರೆ ಎರಡೂ ಕಡೆಯ ಸೈನಿಕರ ಕಾಟ. ಕಾಂಗೋದಲ್ಲೇ ಮಾರೋಣ ಅಂದರೆ ದಾರಿಯುದ್ದಕ್ಕೂ ಅಡ್ಡಗಟ್ಟೆ, ಪ್ರತಿ ಅಡ್ಡಗಟ್ಟೆಗೂ ಸುಂಕ. ಆಚೆ ದಡದಲ್ಲಿ ಕಾಫಿ ಕೊಟ್ಟು ಉಪ್ಪು, ಸೋಪು, ಬಟ್ಟೆ ತರುತ್ತಿದ್ದರು. ಸರೋವರ ಬಹಳ ಆಳ, ಗಾಳಿ ಎದ್ದರೆ ಸಮುದ್ರವೇ. ಹೋದವರೆಲ್ಲ ವಾಪಸು ಬರಲಿಲ್ಲ. ಎಷ್ಟು ಜನ ಮುಳುಗಿದರು ಅಂತ ಲೆಕ್ಕ ಇಟ್ಟವರಿಲ್ಲ. ಆದರೆ ನಮ್ಮ ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ವಿಧವೆಯರನ್ನು ನೋಡಿದರೆ ಸಾಕಿತ್ತು. ಗುಂಡೇಟಿಗೆ ಗಂಡನನ್ನು ಕಳೆದುಕೊಂಡವರಷ್ಟೇ ಜನ ಕಾಫಿ ಮೂಟೆಯ ಜೊತೆ ಕಳೆದುಕೊಂಡವರಿದ್ದರು.

ಎದುರು ದಂಡೆಯ ರುವಾಂಡಾ ಬೇರೆಯೇ ದಾರಿ ಹಿಡಿದಿತ್ತು. ನರಮೇಧ ಮುಗಿದು ಕೆಲವೇ ವರ್ಷಕ್ಕೆ, 2001ರ ಸುಮಾರಿಗೆ, ಮರಬಾ ಎಂಬಲ್ಲಿ ರೈತರ ಸಂಘ ಕಟ್ಟಿ ವಾಷಿಂಗ್ ಸ್ಟೇಷನ್ ಹಾಕಿದರು. ಹತ್ತು ವರ್ಷದಲ್ಲಿ ಅಂಥವು ದೇಶದ ತುಂಬ ಇನ್ನೂರರ ಹತ್ತಿರ ಆದವು. ಕಾಂಗೋ ಕಡೆ ಮಿನೋವಾದಲ್ಲಿ 2003ರಲ್ಲಿ ಸೊಪಾಕ್ಡಿ ಅನ್ನುವ ಸಹಕಾರ ಸಂಘ ಶುರುವಾಯಿತು. ಬೇರೆ ಬೇರೆ ಜನಾಂಗದ ರೈತರನ್ನು ಒಂದೇ ಪಟ್ಟಿಗೆ ತಂದು, ಹಣ್ಣು ಕೊಳ್ಳುವ ಜಾಗವನ್ನು ಈ ದಂಡೆಗೇ ತಂದದ್ದು ಅವರ ಹೆಚ್ಚುಗಾರಿಕೆ. ನಮ್ಮ ಸಂಘ ಅವರನ್ನು ನೋಡಿ ಹುಟ್ಟಿದ್ದು.

ವಾಷಿಂಗ್ ಸ್ಟೇಷನ್ ಅಂದರೆ ನಮ್ಮ ಎಸ್ಟೇಟುಗಳ ಪಲ್ಪರ್ ಹೌಸೇ, ಊರಿಗೆಲ್ಲ ಸೇರಿ ಒಂದು. ನೀರಿನ ತೊಟ್ಟಿ, ಪಲ್ಪರ್, ಹುಳಿಗೆ ಬಿಡುವ ಟ್ಯಾಂಕು, ತೊಳೆಯುವ ಉದ್ದನೆಯ ಕಾಲುವೆ. ಕಣದ ಬದಲು ಸೊಂಟದೆತ್ತರದ ಮೇಜುಗಳು, ಮೇಲೆ ಬಲೆ. ನಮ್ಮಲ್ಲಿ ಪ್ಲಾಂಟರಿಗೆ ಎಲ್ಲವೂ ಸ್ವಂತದ್ದು ಇರುತ್ತದೆ. ಇನ್ನೂರು ಗಿಡದವನಿಗೆ ಅದೆಲ್ಲ ಎಲ್ಲಿಂದ ಬರಬೇಕು? ಹಣ್ಣನ್ನು ಹಣ್ಣಾಗಿಯೇ ಮಾರಿ ಅವತ್ತೇ ದುಡ್ಡು ಎಣಿಸಿಕೊಂಡು ಹೋಗುವುದು ಅವನಿಗೆ ಬೇಕಿದ್ದದ್ದು.

ಅದಕ್ಕೆ ತಕ್ಕಡಿ ಬೇಕು. ಎಲ್ಲ ಜಗಳವೂ ಅಲ್ಲೇ.

ಅಲ್ಲಿನ ವ್ಯಾಪಾರಿಗಳು ಕಾಫಿಯನ್ನು ತೂಗುತ್ತಿರಲಿಲ್ಲ, ಹಾಲಿನಪುಡಿ ಡಬ್ಬಿಯಲ್ಲಿ ಅಳೆಯುತ್ತಿದ್ದರು. ಡಬ್ಬಿ ತಳವನ್ನು ಹೊರಗೆ ಉಬ್ಬುವ ಹಾಗೆ ತಟ್ಟಿದರೆ ಒಂದು ಹಿಡಿ ಜಾಸ್ತಿ ಹಿಡಿಯುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವ ಹಾಗಿಲ್ಲ. ಯಾಕೆಂದರೆ ಗಿಡ ಹೂವಾಗಿದ್ದಾಗಲೇ ಆ ವ್ಯಾಪಾರಿ ಹತ್ತಿರ ಸಾಲ ತಂದಾಗಿರುತ್ತದೆ, ಮಗನ ಫೀಸಿಗೋ ಹೆಂಡತಿಯ ಹೆರಿಗೆಗೋ. ಇಂಥ ಊರಿಗೆ ನಾವು ಹೊಳೆಯುವ ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟೆವು. ಡಬ್ಬಿಯ ಮೋಸವಾದರೂ ಕಣ್ಣಿಗೆ ಕಾಣುತ್ತಿತ್ತು. ಈ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಅಂತ ಯಾರಿಗೆ ಗೊತ್ತು? ಹೀಗಂತ ಒಬ್ಬ ಅಜ್ಜಿ ಎಲ್ಲರ ಎದುರೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉಪಾಯ ಹೂಡಿದವಳೂ ಆ ಅಜ್ಜಿಯೇ. ಸಂಘದ ಅಂಗಡಿಯಲ್ಲಿ ಅಕ್ಕಿ ಮೂಟೆ ಇದ್ದವು, ಹೊಲಿಗೆ ಬಿಚ್ಚದ 25 ಕೆಜಿಯವು. ಬೆಳಿಗ್ಗೆ ತಕ್ಕಡಿ ಹೊರಗಿಟ್ಟ ಕೂಡಲೇ ಅದರಲ್ಲಿ ಒಂದು ಮೂಟೆ ಇಡಬೇಕು. ಯಾವ ಮೂಟೆ ಅಂತ ರೈತರೇ ಆರಿಸಬೇಕು. 25 ಅಂತ ತೋರಿಸಿದರೆ ಮಾತ್ರ ಅವತ್ತಿನ ಖರೀದಿ. ತೂಕದ ಹುಡುಗ ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು. ಚೀಟಿ ಎರಡು ಬರೆಯಬೇಕು. ಬೆಲೆ ಕರಿಹಲಗೆಯ ಮೇಲೆ ಇರಬೇಕು, ಸಾಯಂಕಾಲದವರೆಗೆ ಅಳಿಸುವ ಹಾಗಿಲ್ಲ. ಇಷ್ಟು ಮಾಡಿದ ಮೇಲೆ ಹಣ್ಣು ಬರತೊಡಗಿತು.

ರೈತರೇನು ಸುಮ್ನೆ ಇರುವವರಾ? ಹಣ್ಣಿಗೆ ನೀರು ಹೊಡೆದು ತರುವವರಿದ್ದರು, ಬುಟ್ಟಿ ತಳದಲ್ಲಿ ಹಸಿರುಕಾಯಿ ಮುಚ್ಚಿಟ್ಟು ತರುವವರಿದ್ದರು. ಅದನ್ನು ನೋಡಿ ನನಗೆ ಮಲೆನಾಡಿಗೇ ಬಂದ ಹಾಗಾಯಿತು. ಬುಟ್ಟಿಯನ್ನು ಮೇಜಿನ ಮೇಲೆ ಸುರಿಸಿ, ತಂದವರ ಕೈಯಲ್ಲೇ ಹಸಿರು ಆರಿಸುವ ಹಾಗೆ ಮಾಡಿದೆವು. ಆರಿಸಿದ್ದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು. ಗುಡ್ಡ ಹತ್ತುವಾಗ ಆ ಭಾರ ನೆನಪಿರುತ್ತದೆ. ಮುಂದಿನ ವಾರಕ್ಕೆ ಬುಟ್ಟಿ ತಾನಾಗಿಯೇ ಕೆಂಪಾಯಿತು.

ಕುಯ್ಲು ಅಲ್ಲಿ ಮಾರ್ಚ್‌ನಿಂದ ಜೂನ್. ನಮ್ಮಲ್ಲಿ ಹೂಮಳೆ ಬೀಳುವ ಹೊತ್ತಿಗೆ ಅವರ ಹಣ್ಣು. ಮಧ್ಯಾಹ್ನ ಮೂರರ ಮೇಲೆ ಜನ ಬರಲು ಶುರು. ತಲೆಯ ಮೇಲೆ ಬೇಸಿನ್, ಬೆನ್ನಿಗೆ ಕಟ್ಟಿದ ಮಗು. ತೂಕವಾದ ಹಣ್ಣು ನೀರಿನ ತೊಟ್ಟಿಗೆ. ಜೊಳ್ಳು ತೇಲುತ್ತದೆ, ಅದು ಬೇರೆ. ಮುಳುಗಿದ್ದು ಪಲ್ಪರ್‌ಗೆ. ರಾತ್ರಿ ಹತ್ತರವರೆಗೆ ಪಲ್ಪರ್ ತಿರುಗುತ್ತಿತ್ತು. ಬೀಜದ ಮೇಲಿನ ಲೋಳೆ ಕರಗಲು ರಾತ್ರಿಯಿಡೀ ಟ್ಯಾಂಕಿನಲ್ಲಿ. ಬೆಳಿಗ್ಗೆ ಕೈ ಹಾಕಿ ಉಜ್ಜಿ ನೋಡಬೇಕು. ಜಾರುವ ಬೀಜ ಒರಟಾಗಿ, ಸಣ್ಣ ಜಲ್ಲಿಯ ಹಾಗೆ ಕಿರ್ರ್ ಅಂದರೆ ಹದ ಬಂತು ಅಂತ. ಎತ್ತರದ ಜಾಗ, ರಾತ್ರಿ ಚಳಿ. ನಮ್ಮಲ್ಲಿಗಿಂತ ಹೊತ್ತು ಜಾಸ್ತಿ ಹಿಡಿಯುತ್ತಿತ್ತು. ಗಡಿಯಾರ ನೋಡಿ ತೊಳೆಯಬೇಡಿ, ಕೈ ಹಾಕಿ ನೋಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಆಮೇಲೆ ಕಾಲುವೆಯಲ್ಲಿ ತೊಳೆಯುವುದು. ಆರೇಳು ಜನ ಸಾಲಾಗಿ ನಿಂತು ಮರದ ಹಲಗೆಯಿಂದ ಬೀಜವನ್ನು ಎದುರು ತಳ್ಳುತ್ತಾರೆ. ಒಬ್ಬ ಹಾಡು ಎತ್ತುತ್ತಾನೆ, ಮಿಕ್ಕವರು ಹಲಗೆಯ ಜೊತೆ ದನಿ ಸೇರಿಸುತ್ತಾರೆ. ಭಾರದ ಬೀಜ ಕಾಲುವೆಯ ಮೇಲ್ತುದಿಯಲ್ಲೇ ನಿಲ್ಲುತ್ತದೆ, ಹಗುರದ್ದು ನೀರಿನ ಜೊತೆ ಕೆಳತುದಿಗೆ ಹರಿದು ಹೋಗುತ್ತದೆ.

ಮೇಜಿನ ಮೇಲೆ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಬಿಡಿಸದ ಬೀಜ, ಒಣಗುವಾಗ ಹೆಂಗಸರು ಸುತ್ತ ನಿಂತು ಒಂದೊಂದೇ ಬೀಜ ಆರಿಸುತ್ತಿದ್ದರು. ಇದರಲ್ಲಿ ನಾನು ಶಿಷ್ಯ, ಅವರು ಗುರು. ಕಾರಣ ಒಂದು ಹುಳ. ಅಂಟೆಸ್ಟಿಯಾ ಅನ್ನುವ ತಿಗಣೆಯಂಥ ಹುಳ ಎಳೆ ಕಾಯಿಗೆ ಚುಚ್ಚಿ ರಸ ಹೀರುತ್ತದೆ. ಆ ತೂತಿನ ಸುತ್ತಮುತ್ತಲೇ ಬೀಜದಲ್ಲಿ ಒಂದು ವಾಸನೆ ಹುಟ್ಟುತ್ತದೆ, ಹಸಿ ಆಲೂಗಡ್ಡೆ ಸಿಪ್ಪೆಯದು. ಒಂದೇ ಒಂದು ಬೀಜ ಸಾಕು, ಇಡೀ ಲೋಟ ಕೆಡುತ್ತದೆ. ನಮ್ಮಲ್ಲಿ ಬೋರರ್ ಇದೆ, ಕಾಯಿಕೊರಕ ಇದೆ, ಎಲೆ ತುಕ್ಕು ಇದೆ. ಈ ಆಲೂಗಡ್ಡೆ ಕಾಟ ಇಲ್ಲ. ಮೊದಲ ಸಲ ಟೇಸ್ಟಿಂಗ್ ಮೇಜಿನಲ್ಲಿ ಆ ವಾಸನೆ ಬಂದಾಗ ಯಾರೋ ಪಕ್ಕದಲ್ಲಿ ಅಡುಗೆಗೆ ಹೆಚ್ಚುತ್ತಿದ್ದಾರೆ ಅಂದುಕೊಂಡೆ. ಹುಳಕ್ಕೆ ದಟ್ಟ ಗಿಡ ಅಂದರೆ ಇಷ್ಟ. ಗಿಡ ಸವರಿ ಗಾಳಿ ಬೆಳಕು ಬಿಟ್ಟರೆ ಕಡಿಮೆಯಾಗುತ್ತದೆ. ಹಾಗಾಗಿ ನನ್ನ ಗರಗಸಕ್ಕೆ ಮತ್ತೊಂದು ಸಾಕ್ಷಿ ಸಿಕ್ಕಿತು.

ಟೇಸ್ಟಿಂಗ್ ಅಂದಾಗ ನೆನಪಾಯಿತು. ಅಲ್ಲಿನ ಬಹುತೇಕ ರೈತರು ಕಾಫಿ ಕುಡಿದೇ ಇರಲಿಲ್ಲ. ಮಾರುವ ಬೆಳೆಯನ್ನು ಯಾರು ಕುಡಿಯುತ್ತಾರೆ? ನಾನು ಊರಿಂದ ಒಯ್ದಿದ್ದ ಫಿಲ್ಟರ್‌ನಲ್ಲಿ ಅವರದ್ದೇ ಬೀಜದ ಡಿಕಾಕ್ಷನ್ ಇಳಿಸಿ, ಹಾಲು ಹಾಕಿ ಕೊಟ್ಟೆ. ಕಣ್ಣರಳಿಸಿ ಹೊಗಳುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಮುಖ ಕಿವುಚಿದರು. ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡು, "ಚಹಾನೇ ವಾಸಿ" ಅಂದರು.

ದುಡ್ಡಿನ ವಿಷಯಕ್ಕೆ ಬರೋಣ. ಆರೇಳು ಕೆಜಿ ಹಣ್ಣಿಗೆ ಒಂದು ಕೆಜಿ ಬೇಳೆ ಕಾಫಿ. ಅದು ಒಣಗಿ, ಸಿಪ್ಪೆ ಬಿಡಿಸಿ, ಚೀಲಕ್ಕೆ ಹೋಗಿ, ಗಡಿ ದಾಟಿ, ಲಾರಿಯಲ್ಲಿ ಮೊಂಬಾಸಾ ಬಂದರು ತಲುಪಿ, ಹಡಗು ಹತ್ತಿ, ದುಡ್ಡು ಬರುವುದಕ್ಕೆ ತಿಂಗಳುಗಟ್ಟಲೆ. ರೈತನಿಗೆ ದುಡ್ಡು ಅವತ್ತೇ ಬೇಕು. ನಡುವಿನ ಹೊಂಡ ತುಂಬಲು ಸಂಘ ಪ್ರತಿ ವರ್ಷ ಹೊರದೇಶದಿಂದ ಸಾಲ ತರಬೇಕು. ಕಾಗದದ ಮೇಲೆ ಸಲೀಸು. ಒಂದು ವರ್ಷ ಸಾಲ ಕೊಡುವವರು ಒಪ್ಪಿದ ದಿನಕ್ಕೆ ಹಣ ಹಾಕಲಿಲ್ಲ. ಇನ್ನೊಂದು ಸಹಿ, ಇನ್ನೊಂದು ದಾಖಲೆ ಅಂತ ಎಳೆದರು. ಅವರಿಗೇನು, ಎಸಿ ರೂಮಿನಲ್ಲಿ ಕೂತು ಒಂದು ಮೇಲ್ ಕಳಿಸಿದರೆ ಆಯಿತು. ಇಲ್ಲಿ ಗಿಡದ ತುಂಬ ಹಣ್ಣು. ಹಣ್ಣು ಸಹಿಗೆ ಕಾಯುತ್ತದಾ? ವ್ಯಾಪಾರಿಗಳು ಹಾಲಿನಪುಡಿ ಡಬ್ಬಿ ಹಿಡಿದು ರಸ್ತೆ ತಿರುವಿನಲ್ಲಿ ಬಂದು ಕೂತೇ ಬಿಟ್ಟರು.

ಸಂಘದ ಅಧ್ಯಕ್ಷರು ಜನರನ್ನು ಸ್ಟೇಷನ್ ಅಂಗಳಕ್ಕೆ ಕರೆದರು. ಪೆಟ್ಟಿಗೆ ತೆಗೆದು ಇದ್ದಷ್ಟು ನೋಟನ್ನು ಮೇಜಿನ ಮೇಲೆ ಎಣಿಸಿದರು. "ಇಷ್ಟೇ ಇರುವುದು. ಅರ್ಧ ಬೆಲೆ ಇವತ್ತು, ಅರ್ಧಕ್ಕೆ ಚೀಟಿ. ನಂಬಿಕೆ ಇದ್ದವರು ಕೊಡಿ, ಇಲ್ಲದವರು ಹೋಗಿ, ನಮಗೆ ಬೇಜಾರಿಲ್ಲ" ಅಂದರು. ಒಂದಷ್ಟು ಜನ ಎದ್ದು ಹೋದರು. ಅಕ್ಕಿ ಮೂಟೆಯ ಅಜ್ಜಿ ಹೋಗಲಿಲ್ಲ. ಚೀಟಿಯನ್ನು ಮಡಿಸಿ, ಮತ್ತೆ ಮಡಿಸಿ, ತಲೆಗೆ ಕಟ್ಟಿದ ಬಟ್ಟೆಯ ಗಂಟಿಗೆ ಸೇರಿಸಿದಳು. ಸಾಲದ ಹಣ ಬಂದದ್ದು ಕುಯ್ಲು ಅರ್ಧ ಮುಗಿದ ಮೇಲೆ. ಅಂದಿನಿಂದ ವಾರವಿಡೀ ಚೀಟಿ ಬಿಡಿಸುವುದೇ ಕೆಲಸ. ಅಲ್ಲಿ ಡಾಲರೂ ಓಡುತ್ತದೆ, ಕಾಂಗೋ ಫ್ರಾಂಕೂ ಓಡುತ್ತದೆ. ಆದರೆ ಡಾಲರ್ ನೋಟಿನ ಅಂಚು ಕೂದಲಷ್ಟು ಹರಿದಿದ್ದರೂ ಯಾರೂ ಮುಟ್ಟುವುದಿಲ್ಲ. ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ ತೆಗೆದುಕೊಳ್ಳುತ್ತಿದ್ದರು. ಒಂದು ಚೀಟಿಯೂ ಬಾಕಿ ಉಳಿಯಲಿಲ್ಲ.

ವರ್ಷದ ಕೊನೆಗೆ ಮಾರಿದ ಲೆಕ್ಕ ನೋಡಿ, ಮಿಕ್ಕಿದ್ದನ್ನು ಕೆಜಿ ಲೆಕ್ಕದಲ್ಲಿ ಎರಡನೇ ಕಂತಾಗಿ ಹಂಚುತ್ತಿದ್ದೆವು. ಅದನ್ನು ನೋಡುವಾಗ ನನಗೆ ನಮ್ಮಪ್ಪನ ಕಾಲದ ಪೂಲ್ ನೆನಪಾಗುತ್ತಿತ್ತು. 1990ರ ದಶಕದವರೆಗೆ ನಮ್ಮ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಅಪ್ಪ ಬೈದುಕೊಂಡೇ ತೆಗೆದುಕೊಳ್ಳುತ್ತಿದ್ದರು. ಮುಕ್ತ ಮಾರುಕಟ್ಟೆ ಬಂದಾಗ ನಮ್ಮವರು ಹಬ್ಬ ಮಾಡಿದರು, ನಾನೂ ಪೂಲ್ ಬೇಕಿತ್ತು ಅನ್ನುವವನಲ್ಲ. ಆದರೆ ಹಿಂದೆಂದೋ ಮಾರಿದ ಕಾಫಿಗೆ ಮತ್ತೊಮ್ಮೆ ದುಡ್ಡು ಬರುವುದು ಅಂದರೆ ಏನು ಅಂತ ಆ ದಂಡೆಯ ಸಾಲಿನಲ್ಲಿ ನಿಂತವರ ಮುಖದಲ್ಲಿ ಕಂಡೆ. ಕೆಲವರು ತಪ್ಪಿ ಕೊಟ್ಟಿದ್ದೀರಿ ಅಂತ ವಾಪಸು ಕೊಡಲು ಬಂದರು.

ಈ ಎರಡನೇ ಕಂತಿನಿಂದಲೇ ಮನೆಯೊಳಗೆ ಜಗಳವೂ ಶುರುವಾಯಿತು. ಗೊಬ್ಬರ ಹೊರುವುದು, ಕಳೆ ಕೀಳುವುದು, ಹಣ್ಣು ಕುಯ್ಯುವುದು ಹೆಂಗಸರು. ಸದಸ್ಯತ್ವದ ಪುಸ್ತಕ ಮಾತ್ರ ಗಂಡಸಿನ ಹೆಸರಿನಲ್ಲಿ, ಯಾಕೆಂದರೆ ಜಮೀನು ಅವನದು. ಆ ಸೀಮೆಯ ಯುದ್ಧದಲ್ಲಿ ಹೆಂಗಸರ ಮೇಲೆ ನಡೆದದ್ದನ್ನು ನಾನು ಬರೆಯಲಾರೆ. ಬುಕಾವುವಿನ ಪಾಂಜಿ ಆಸ್ಪತ್ರೆಯಲ್ಲಿ ಅಂಥವರಿಗೆ ಚಿಕಿತ್ಸೆ ಕೊಟ್ಟ ಡಾ. ಡೆನಿಸ್ ಮುಕ್ವೇಗೆ ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು ಅಂದರೆ ಎಷ್ಟರ ಮಟ್ಟಿನದು ಅಂತ ಊಹಿಸಬಹುದು. ಅಂಥ ಹೆಂಗಸರಲ್ಲಿ ಎಷ್ಟೋ ಜನ ಗಂಡನ ಮನೆಯಿಂದ ಹೊರಬಿದ್ದು, ಬೇರೆಯವರ ಗಿಡ ಗೇಣಿಗೆ ಮಾಡುತ್ತಿದ್ದರು. ಅವರಿಗೆ ಪುಸ್ತಕವೇ ಇಲ್ಲ. ಸಂಘದಲ್ಲಿ ಬಹಳ ಗಲಾಟೆಯಾಗಿ, ಜಮೀನು ಯಾರದೇ ಆಗಲಿ ಗಿಡ ನೋಡಿಕೊಳ್ಳುವವರ ಹೆಸರಿಗೆ ಪುಸ್ತಕ ಕೊಡಬಹುದು ಅಂತ ನಿಯಮ ಬದಲಾಯಿಸಿದರು. ಗಿಡ ಕೊಯ್ದ ಆ ಸೊಸೆಗೂ ಪುಸ್ತಕ ಸಿಕ್ಕಿತು. ಅವಳ ಸಾಲು ಅಷ್ಟರಲ್ಲಿ ಮೂರನೇ ವರ್ಷದ ಹೊಸ ರೆಕ್ಕೆಯಲ್ಲಿ ಬುಡದಿಂದ ತುದಿಯವರೆಗೆ ಕಾಯಿ ಕಟ್ಟಿತ್ತು. ಮಾವ ತನ್ನ ಉಳಿದ ಸಾಲನ್ನು ಕೊಯ್ಯಲು ಹೇಳಿ ಕಳಿಸಿದ. ನನಗಲ್ಲ, ಸೊಸೆಗೆ.

ನೆರವು ಸಂಸ್ಥೆಗಳ ವರದಿಗಳಲ್ಲಿ ಕಾಫಿ ಶಾಂತಿ ತರುತ್ತದೆ ಅಂತ ಬರೆದಿರುತ್ತಾರೆ. ನಾನು ಒಪ್ಪುವುದಿಲ್ಲ. ಕಾಫಿಯಿಂದ ಬಂದೂಕು ನಿಂತದ್ದನ್ನು ನಾನು ನೋಡಿಲ್ಲ. ಬಂದೂಕು ನಿಂತಿದ್ದಾಗ ಕಾಫಿ ಬೆಳೆದದ್ದನ್ನು ನೋಡಿದ್ದೇನೆ. ಕಾಫಿ ಮಾಡಿದ್ದು ಚಿಕ್ಕ ಕೆಲಸ, ಆದರೆ ಲೆಕ್ಕಕ್ಕೆ ಸಿಗುವ ಕೆಲಸ. ರಾತ್ರಿ ದೋಣಿ ಹತ್ತುವುದು ತಪ್ಪಿತು. ವ್ಯಾಪಾರಿಗಳೂ ಪೈಪೋಟಿಗೆ ಬಿದ್ದು ಡಬ್ಬಿ ಬಿಟ್ಟು ತಕ್ಕಡಿ ತಂದರು. ಸಂಘಕ್ಕೆ ಒಂದು ಕಾಯಿಯೂ ಕೊಡದವರಿಗೂ ಅದರ ಲಾಭ ಸಿಕ್ಕಿತು.

ಕೋವಿಡ್‌ಗೆ ಮುಂಚೆ ನನ್ನ ಕೆಲಸ ಮುಗಿದು ಊರಿಗೆ ಬಂದೆ. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಮಿನೋವಾ ಹಿಡಿದರು. ಅದೇ ತಿಂಗಳ ಕೊನೆಯ ವಾರ ಗೋಮಾ, ಫೆಬ್ರವರಿ ನಡುವೆ ಬುಕಾವು. ಗೋಮಾದ ಬ್ಯಾಂಕುಗಳಿಗೆ ಬೀಗ ಬಿತ್ತು. ಸರೋವರದ ಎರಡೂ ತುದಿಯ ಊರು ಹೋದ ಮೇಲೆ ಸಂಘಕ್ಕೆ ನೋಟು ಬರುವ ದಾರಿಯೇ ಇಲ್ಲ. ಕುಯ್ಲಿಗೆ ಒಂದು ತಿಂಗಳೂ ಇರಲಿಲ್ಲ. ನಾನು ಇಲ್ಲಿ ಕುಯ್ಲು ಮುಗಿಸಿ ಮೆಣಸು ಒಣಗಿಸುತ್ತಾ ಕೂತು ವಾಟ್ಸಾಪ್ ನೋಡುತ್ತಿದ್ದೆ. ವಾರಗಟ್ಟಲೆ ಒಂದೇ ಟಿಕ್.

ಏಪ್ರಿಲ್‌ನಲ್ಲಿ ನನ್ನ ಜೊತೆಗಾರನ ಧ್ವನಿ ಸಂದೇಶ ಬಂತು. ಅವನ ಮನೆಯವರು ಗುಡ್ಡದ ಮೇಲಿನ ನೆಂಟರ ಮನೆಯಲ್ಲಿದ್ದಾರೆ, ಕ್ಷೇಮ. ಸ್ಟೇಷನ್ನಿನ ಡೀಸೆಲ್ ಯಾರೋ ಒಯ್ದಿದ್ದಾರೆ. ಪಲ್ಪರನ್ನು ಕೈಯಲ್ಲೇ ತಿರುಗಿಸುತ್ತಿದ್ದಾರೆ. ದುಡ್ಡಿಲ್ಲ, ಹಾಗಾಗಿ ಈ ಸಲ ಪೂರ್ತಿ ಬೆಲೆಗೂ ಚೀಟಿಯೇ. ಸದಸ್ಯರಲ್ಲಿ ಅರ್ಧದಷ್ಟು ಜನ ಚೀಟಿ ತೆಗೆದುಕೊಂಡು ಹಣ್ಣು ಕೊಟ್ಟಿದ್ದಾರಂತೆ. ಮಿಕ್ಕವರು ವ್ಯಾಪಾರಿಗಳ ಹತ್ತಿರ ಹೋಗಿದ್ದಾರೆ, ಕೆಲವರು ಮತ್ತೆ ದೋಣಿ ಇಳಿಸಿದ್ದಾರೆ. ಹೋದವರನ್ನು ಪಟ್ಟಿಯಿಂದ ತೆಗೆಯಬೇಕು ಅಂತ ಕಮಿಟಿಯಲ್ಲಿ ಒಬ್ಬರು ಹಟ ಹಿಡಿದರಂತೆ, ಅಧ್ಯಕ್ಷರು ಒಪ್ಪಲಿಲ್ಲವಂತೆ. ಅಂಗಡಿಯಲ್ಲಿ ಅಕ್ಕಿ ಖಾಲಿ. ತಕ್ಕಡಿ ಪರೀಕ್ಷೆಗೆ ಏನಿಡುತ್ತೀರಿ ಅಂತ ಕೇಳಿದೆ. ಒಂದು ಮೂಟೆಯನ್ನು ಮಾರದೆ ಅದಕ್ಕೇ ಅಂತ ಬೀಗ ಹಾಕಿ ಇಟ್ಟುಕೊಂಡಿದ್ದೇವೆ ಅಂದ.